ಕಾಲಿನ ರಕ್ತಕ್ಕೂ ಒಂದು ಕ್ಯೂಸೆಕ್ ಲೆಕ್ಕ

"ನಿಂತ್ರೆ ತಾನೇ ಡಾಕ್ಟ್ರೇ ಕಾಲು ಊದೋದು? ನೀವು ಮಲಗಿಸಿ ಏನು ಅಳೀತೀರಾ?"

ಎಂಆರ್‌ಐ ಟೇಬಲ್ ಮೇಲೆ ಕೂತ ಟೀಚರ್ ಒಬ್ಬರು ಕೇಳಿದರು. ಊತ ಇದ್ದದ್ದು ಎಡಗಾಲಿಗೆ ಮಾತ್ರ. ಪ್ರಶ್ನೆ ಸರಿಯಾಗಿಯೇ ಇತ್ತು.

ಕಾಲಿನಿಂದ ಹೃದಯದ ಕಡೆಗೆ ರಕ್ತ ವಾಪಸ್ ಒಯ್ಯುವ ನಾಳಗಳು ವೇನ್‌ಗಳು. ಪಠ್ಯಪುಸ್ತಕದಲ್ಲಿ ಅಭಿಧಮನಿ, ಮನೆಮಾತಿನಲ್ಲಿ ನರ. (ನರ ಅಂದರೆ ಬೇರೆಯೇ. ಆದರೂ "ಕಾಲಿನ ನರ ಉಬ್ಬಿದೆ" ಅಂದವರನ್ನು ನಾನು ತಿದ್ದಲು ಹೋಗುವುದಿಲ್ಲ.) ಇವಕ್ಕೆ ಮೊದಲ ಪರೀಕ್ಷೆ ಶಬ್ದದ ಅಲೆಗಳಿಂದ ಹರಿವು ನೋಡುವ ಡಾಪ್ಲರ್ ಸ್ಕ್ಯಾನೇ. ಖರ್ಚು ಕಡಿಮೆ, ನಿಲ್ಲಿಸಿಕೊಂಡೂ ಮಾಡಬಹುದು. ಆದರೆ ವೇನ್ ತೊಡೆ ದಾಟಿ ಹೊಟ್ಟೆಯೊಳಗೆ ಹೊಕ್ಕ ಮೇಲೆ ಕರುಳಿನ ಗಾಳಿ ಡಾಪ್ಲರ್‌ಗೆ ಅಡ್ಡ ಬರುತ್ತದೆ. ಎಂಆರ್‌ಐಗೆ ಆ ಗಾಳಿಯ ಕಾಟ ಅಷ್ಟಿಲ್ಲ.

ರಕ್ತದ ವೇಗ ಎಂಆರ್‌ಐಗೆ ಗೊತ್ತಾಗುವುದು ಹೇಗೆ? ಅಯಸ್ಕಾಂತದೊಳಗೆ ನಮ್ಮ ಮೈಯ ನೀರಿನ ಹೈಡ್ರೋಜನ್ ಕಣಗಳು ಪುಟ್ಟ ಬುಗುರಿಗಳ ಹಾಗೆ ತಿರುಗುತ್ತಿರುತ್ತವೆ. ಯಂತ್ರ ಅಯಸ್ಕಾಂತದ ಬಲವನ್ನು ಒಂದು ಕಡೆಗೆ ಸ್ವಲ್ಪ ವಾಲಿಸಿ, ಕೂಡಲೇ ಅಷ್ಟೇ ಉಲ್ಟಾ ವಾಲಿಸುತ್ತದೆ. ಕದಲದ ಕಣಕ್ಕೆ ಎರಡೂ ಸೇರಿ ಸೊನ್ನೆ. ಹರಿಯುವ ರಕ್ತ ಅಷ್ಟರಲ್ಲಿ ಜಾಗ ಬಿಟ್ಟಿರುತ್ತದೆ, ಅದರ ಲೆಕ್ಕ ಚುಕ್ತಾ ಆಗುವುದಿಲ್ಲ. ಒಂದಿಷ್ಟು ಕೋನ ಬಾಕಿ ಉಳಿಯುತ್ತದೆ. ಎಷ್ಟು ಬಾಕಿಯೋ ಅಷ್ಟು ವೇಗ. ಇಂಜೆಕ್ಷನ್ ಏನೂ ಬೇಕಿಲ್ಲ.

ಮುಂದಿನದು ಕಾವೇರಿ ಸುದ್ದಿ ಓದುವ ಎಲ್ಲರಿಗೂ ಗೊತ್ತಿರುವ ಕ್ಯೂಸೆಕ್ ಲೆಕ್ಕ. ನಾಲೆಯ ಅಡ್ಡ ಕೊಯ್ತದ ವಿಸ್ತೀರ್ಣ ಗುಣಿಸು ನೀರಿನ ವೇಗ. ತೊಡೆಸಂದಿಯ ವೇನ್‌ನ ಅಡ್ಡ ಕೊಯ್ತ 0.8 ಚದರ ಸೆಂ.ಮೀ., ಸರಾಸರಿ ವೇಗ ಸೆಕೆಂಡಿಗೆ 8 ಸೆಂ.ಮೀ. ಅಂದುಕೊಳ್ಳಿ. ನಿಮಿಷಕ್ಕೆ 384 ಮಿ.ಲೀ. ಆಯಿತು.

ಕೇಳಲು ಸುಲಭ, ಅಲ್ವಾ? ಕಷ್ಟವೆಲ್ಲ ಆ 8ರಲ್ಲಿದೆ. ಎಷ್ಟು ವೇಗದವರೆಗೆ ಅಳೆಯಬೇಕು ಅಂತ ಯಂತ್ರಕ್ಕೆ ಮೊದಲೇ ಹೇಳಬೇಕು. ಇದಕ್ಕೆ ನಾವು 'ವೆಂಕ್' ಅನ್ನುತ್ತೇವೆ. ಹೃದಯದಿಂದ ಹೊರಡುವ ಮಹಾಧಮನಿಗೆ ಸೆಕೆಂಡಿಗೆ 150 ಸೆಂ.ಮೀ. ಇಡುವುದು ರೂಢಿ. ಕೆಲಸಕ್ಕೆ ಹೊಸದಾಗಿ ಸೇರಿದಾಗ ನಾನೇ ಒಮ್ಮೆ ಅದನ್ನು ಬದಲಿಸದೆ ಕಾಲು ಸ್ಕ್ಯಾನ್ ಮಾಡಿಸಿದ್ದೆ. ಪರದೆ ತುಂಬ ಬೂದುಬಣ್ಣದ ಚುಕ್ಕಿ, ವೇನ್ ಎಲ್ಲಿದೆ ಅಂತಲೇ ಕಾಣಲಿಲ್ಲ. ಹಾಗಂತ ತೀರಾ ಇಳಿಸಿದರೂ ಎಡವಟ್ಟು. 20 ಇಟ್ಟು ರಕ್ತ 25ರಲ್ಲಿ ಓಡಿದರೆ, ಯಂತ್ರ ಅದನ್ನು ಹಿಮ್ಮುಖವಾಗಿ 15 ಅಂತ ತೋರಿಸುತ್ತದೆ. ಬಿಳಿ ವೃತ್ತದ ನಟ್ಟನಡುವೆ ಕಪ್ಪು ಬೊಟ್ಟು ಕಂಡರೆ ರಕ್ತ ಹಿಂದಕ್ಕೆ ಹರಿಯುತ್ತಿದೆ ಅಂತ ಗಾಬರಿ ಬೇಡ, ಮೊದಲು ವೆಂಕ್ ನೋಡಿ ಅಂತ ನಮ್ಮ ಹುಡುಗರಿಗೆ ಹೇಳುತ್ತಿರುತ್ತೇನೆ.

ಇನ್ನೊಂದು ಸಂಗತಿ, ವೇನ್ ಮೆತ್ತಗಿನ ನಾಳ. ಮೀನಖಂಡ ಟೇಬಲ್‌ಗೆ ಒತ್ತಿಕೊಂಡರೂ ಚಪ್ಪಟೆಯಾಗುತ್ತದೆ. ಅದಕ್ಕೇ ಹಿಮ್ಮಡಿ ಕೆಳಗೆ ಸಣ್ಣ ದಿಂಬು, ಮಂಡಿ ಸ್ವಲ್ಪ ಮಡಿಸಿದ ಹಾಗೆ. ಬಂದವರನ್ನು ಹತ್ತು ನಿಮಿಷ ಸುಮ್ನೆ ಮಲಗಿಸುತ್ತೇವೆ, ಮೆಟ್ಟಿಲು ಹತ್ತಿ ಬಂದ ಕಾಲಿನಲ್ಲಿ ಹರಿವು ಜಾಸ್ತಿ ಇರುತ್ತದೆ. ಉಸಿರಿನ ಆಟವೂ ಇದೆ. ಹೊಟ್ಟೆ ಉಬ್ಬಿಸಿ ಉಸಿರೆಳೆದಾಗ ಒಳಗಿನ ಒತ್ತಡ ಏರಿ ಕಾಲಿನ ರಕ್ತ ನಿಧಾನವಾಗುತ್ತದೆ, ಬಿಟ್ಟಾಗ ಮತ್ತೆ ಹರಿಯುತ್ತದೆ. ಬರೀ ಸರಾಸರಿ ತೆಗೆದರೆ ಈ ಏರಿಳಿತ ಅಳಿಸಿಹೋಗುತ್ತದೆ. ನನಗೆ ಅಂಕಿಗಿಂತ ಆ ಏರಿಳಿತವೇ ಹೆಚ್ಚು ಮಾತಾಡುತ್ತದೆ.

ಟೀಚರ್ ಬಲಗಾಲಿನ ಹರಿವಿನ ಗೆರೆ ಉಸಿರಿನ ಜೊತೆ ಚೆನ್ನಾಗಿ ಏರಿಳಿಯಿತು. ಎಡಗಾಲಿನದು ಹೆಚ್ಚುಕಮ್ಮಿ ಸಪಾಟು. ಅಂದರೆ ಮೇಲೆಲ್ಲೋ ತಡೆ ಇದೆ. ಸೊಂಟದ ಹತ್ತಿರ ಬಲಗಡೆಯ ಧಮನಿಯೊಂದು ಎಡಗಡೆಯ ವೇನ್ ಮೇಲೆ ಹಾದು ಅದನ್ನು ಬೆನ್ನುಮೂಳೆಗೆ ಅದುಮುತ್ತದೆ. 1957ರಲ್ಲಿ ಮೇ ಮತ್ತು ಥರ್ನರ್ ಎಂಬ ಇಬ್ಬರು ವೈದ್ಯರು ವಿವರಿಸಿದ್ದು ಇದನ್ನೇ. ಇವರ ಚಿತ್ರದಲ್ಲೂ ಆ ಜಾಗದಲ್ಲಿ ವೇನ್ ರಿಬ್ಬನ್ ಹಾಗೆ ಚಪ್ಪಟೆಯಾಗಿತ್ತು. ಈ ತಡೆ ಮಲಗಿದಾಗಲೂ ಸಿಕ್ಕಿಬೀಳುತ್ತದೆ ಅಂತ ಅವರಿಗೆ ಚಿತ್ರ ತೋರಿಸಿಯೇ ಹೇಳಿದೆ.

"ಹಾಗಾದ್ರೆ ನಿಲ್ಲಿಸಿ ನೋಡೋದು?" ಅಂದರು. ವೇನ್ ಒಳಗಿನ ಕವಾಟ ಸೋರುತ್ತಿದೆಯಾ ಅನ್ನುವುದಕ್ಕೆ ಅದು ಬೇಕು. ಪಕ್ಕದ ಡಾಪ್ಲರ್ ರೂಮಿಗೆ ಚೀಟಿ ಬರೆದುಕೊಟ್ಟೆ.