ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯ ಆಕ್ಸಲ್ ಆಯಿಲ್: ಲೆವೆಲ್, ಟಾಪ್ ಅಪ್, ಸೋರಿಕೆ

ಎಂಜಿನ್ ಆಯಿಲ್ ಅಷ್ಟಿಷ್ಟು ಉರಿದು ಕಡಿಮೆಯಾಗುತ್ತದೆ. ಎಡ ಬಲ ಚಕ್ರಗಳನ್ನು ತಿರುಗಿಸುವ ಆಕ್ಸಲ್‌ನೊಳಗಿನ ಎಣ್ಣೆಗೆ ಆ ನೆಪವಿಲ್ಲ. ಹೌಸಿಂಗ್, ಅಂದರೆ ಆಕ್ಸಲ್‌ನ ಲೋಹದ ಕವಚದ ಒಳಗೆ ಬೆಂಕಿಯಿಲ್ಲ, ಹಾಕಿದ ಎಣ್ಣೆ ಹಾಕಿದಷ್ಟೇ ಇರಬೇಕು. ಮಟ್ಟ ನೋಡುವ, ಎಣ್ಣೆ ತುಂಬುವ ತೂತಿನ ಮುಚ್ಚಳವಾದ ಲೆವೆಲ್ ಪ್ಲಗ್ ಬಿಚ್ಚಿದಾಗ ಎಣ್ಣೆ ಇಳಿದಿದ್ದರೆ ಅದು ಎಲ್ಲೋ ಹೊರಗೆ ಹೋಗಿದೆ; ಏರಿದ್ದರೆ ಏನೋ ಒಳಗೆ ಬಂದಿದೆ. ಎಣ್ಣೆ ತುಂಬುವುದು ಹತ್ತು ನಿಮಿಷದ ಕೆಲಸ, ಯಾರು ಬೇಕಾದರೂ ಮಾಡುತ್ತಾರೆ. ಹೋದದ್ದು ಎಲ್ಲಿಗೆ, ಬಂದದ್ದು ಎಲ್ಲಿಂದ ಅಂತ ಹಿಡಿಯುವುದಕ್ಕೆ ಅಭ್ಯಾಸ ಬೇಕು. ಈ ಟಿಪ್ಪಣಿ ಹೆಚ್ಚಾಗಿ ಅದರ ಬಗ್ಗೆ. ಉದಾಹರಣೆಗೆ ಸೀರೀಸ್ ಲ್ಯಾಂಡ್ ರೋವರ್ ಇಟ್ಟುಕೊಳ್ಳೋಣ. ಹಿಂದೆ ಮುಂದೆ ಎರಡೂ ಕಡೆ ಸಾಲಿಡ್ ಆಕ್ಸಲ್ (ಎಡ ಬಲ ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ಕವಚ) ಇರುವ ಬೇರೆ ಹಳೆಯ ಗಾಡಿಗಳಿಗೂ ವಿಷಯ ಬಹುತೇಕ ಇದೇ.

ಒಳಗೆ ಎಣ್ಣೆಯ ಓಡಾಟ

ಆಕ್ಸಲ್‌ನಲ್ಲಿ ಪಂಪ್ ಇಲ್ಲ. ಒಳಗಿನ ದೊಡ್ಡ ಹಲ್ಲುಚಕ್ರವಾದ ಕ್ರೌನ್ ವೀಲ್‌ನ ಕೆಳಭಾಗ ಎಣ್ಣೆಯಲ್ಲಿ ಮುಳುಗಿರುತ್ತದೆ. ಅದು ತಿರುಗುವಾಗ ಎಣ್ಣೆಯನ್ನು ಎತ್ತಿ ಹೌಸಿಂಗ್‌ನ ಗೋಡೆಗೆ ಎರಚುತ್ತದೆ. ಅದರಲ್ಲಿ ಒಂದು ಪಾಲು ಒಳಗಿನ ದಾರಿಯಲ್ಲಿ ಹರಿದು, ಕ್ರೌನ್ ವೀಲನ್ನು ತಿರುಗಿಸುವ ಚಿಕ್ಕ ಗೇರಾದ ಪಿನಿಯನ್‌ನ ಬೇರಿಂಗ್‌ಗಳಿಗೆ ಸೇರುತ್ತದೆ. ಗೇರ್‌ಬಾಕ್ಸ್ ಕಡೆಯಿಂದ ಶಕ್ತಿ ತರುವ ಉದ್ದದ ದಂಡ ಪ್ರೊಪೆಲ್ಲರ್ ಶಾಫ್ಟ್. ಅದರ ಕಡೆಯ ಪಿನಿಯನ್ ಬೇರಿಂಗ್ ಎಣ್ಣೆಯ ಮಡುವಿನಿಂದ ದೂರದಲ್ಲಿದೆ. ಲೆವೆಲ್ ಇಳಿದರೆ ಮೊದಲು ಒಣಗುವುದು ಅದೇ.

ಏರು ಹತ್ತುವಾಗ ಇದು ಇನ್ನೂ ಬಿಗಡಾಯಿಸುತ್ತದೆ. ಹಿಂದಿನ ಆಕ್ಸಲ್‌ನಲ್ಲಿ ಪಿನಿಯನ್ ಮುಂದಕ್ಕೆ ಮುಖ ಮಾಡಿದೆ. ಗಾಡಿಯ ಮೂತಿ ಮೇಲಾದಾಗ ಪಿನಿಯನ್ ಕೂಡ ಮೇಲಾಗುತ್ತದೆ, ಎಣ್ಣೆ ಹಿಂದಕ್ಕೆ ಜಾರುತ್ತದೆ. ಭಾರವೆಲ್ಲ ಹಿಂದಿನ ಚಕ್ರಗಳ ಮೇಲೆ ಬೀಳುವುದೂ ಅದೇ ಹೊತ್ತಿಗೆ. ಸಮತಟ್ಟು ರಸ್ತೆಯಲ್ಲಿ ಹೇಗೋ ನಡೆದುಹೋಗುವ ಅರ್ಧ ಲೀಟರ್ ಕೊರತೆ ಉದ್ದದ ಏರಿನಲ್ಲಿ ಬೇರಿಂಗನ್ನು ತಿಂದುಹಾಕುತ್ತದೆ.

ಯಾವ ಎಣ್ಣೆ, ಎಷ್ಟು

ಹಳೆಯ ಕೈಪಿಡಿಗಳಲ್ಲಿ ಇರುವುದು ಎಸ್‌ಎಇ 90 ಇಪಿ. ಈಗ ಅದರ ಜಾಗಕ್ಕೆ 80ಡಬ್ಲ್ಯೂ-90 ಬಳಸುತ್ತಾರೆ. 90 ಎಂಬ ಅಂಕಿ ನೋಡಿ ಇದು 40 ಗ್ರೇಡಿನ ಎಂಜಿನ್ ಆಯಿಲ್‌ಗಿಂತ ಎರಡು ಪಟ್ಟು ದಪ್ಪ ಅಂದುಕೊಳ್ಳಬೇಡಿ. ಗೇರ್ ಆಯಿಲ್‌ನ ಅಳತೆಪಟ್ಟಿಯೇ ಬೇರೆ; ಬಿಸಿಯಲ್ಲಿ 90 ಗೇರ್ ಆಯಿಲ್ ಸುಮಾರಾಗಿ 40ರಿಂದ 50 ಎಂಜಿನ್ ಆಯಿಲ್‌ನಷ್ಟೇ ದಪ್ಪ.

ಇಪಿ ಅಂದರೆ ಅತಿ ಒತ್ತಡ ತಾಳುವ ಎಣ್ಣೆ. ಅದರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳಿವೆ. ಗೇರ್ ಆಯಿಲ್‌ನ ಆ ಘಾಟು ವಾಸನೆ ಗಂಧಕದ್ದು. ಹಲ್ಲು ಹಲ್ಲಿಗೆ ಒತ್ತಿ ಎಣ್ಣೆಯ ಪದರ ಹರಿದ ಕ್ಷಣದಲ್ಲಿ ಇವು ಉಕ್ಕಿನ ಮೇಲ್ಮೈ ಜೊತೆ ಸೇರಿ ತೆಳುವಾದ ಲೇಪ ಕಟ್ಟುತ್ತವೆ. ಹಲ್ಲುಗಳು ಬೆಸೆದುಕೊಳ್ಳದಂತೆ ತಡೆಯುವುದು ಆ ಲೇಪ. ಹೈಪಾಯ್ಡ್ ಗೇರಿನಲ್ಲಿ ಪಿನಿಯನ್ ಕ್ರೌನ್ ವೀಲಿನ ನಡುಗೆರೆಗಿಂತ ಕೆಳಗೆ ಅಥವಾ ಮೇಲೆ ಸರಿದು ಕೂತಿರುತ್ತದೆ. ಹಾಗಾಗಿ ಹಲ್ಲುಗಳು ಉರುಳುವುದರ ಜೊತೆಗೆ ಉದ್ದಕ್ಕೂ ಜಾರುತ್ತವೆ. ಅದಕ್ಕೆ ಈ ಸಂಯುಕ್ತಗಳು ಹೆಚ್ಚಾಗಿರುವ ಜಿಎಲ್-5 ದರ್ಜೆಯ ಗೇರ್ ಆಯಿಲೇ ಬೇಕು. ಉದ್ದ ಚಾಸಿಯ ಲ್ಯಾಂಡ್ ರೋವರ್‌ಗಳ ಹಿಂದೆ ಬರುವ ಸಾಲಿಸ್‌ಬರಿ ಆಕ್ಸಲ್ ಹೈಪಾಯ್ಡ್. ಮಾಮೂಲಿ ರೋವರ್ ಆಕ್ಸಲ್‌ನಲ್ಲಿರುವುದು ಪಿನಿಯನ್ ನಡುಗೆರೆಯಲ್ಲೇ ಕೂರುವ ಸ್ಪೈರಲ್ ಬೆವೆಲ್ ಗೇರ್. ಅಲ್ಲಿ ಜಾರುವಿಕೆ ಕಡಿಮೆ, ಆದರೂ ಇಪಿ ಎಣ್ಣೆಯೇ.

ಒಂದು ಎಚ್ಚರ. ಉಳಿದ ಜಿಎಲ್-5 ಎಣ್ಣೆಯನ್ನು ಹಾಗೇ ಗೇರ್‌ಬಾಕ್ಸಿಗೆ ಸುರಿಯಬೇಡಿ. ಹಳೆಯ ಗೇರ್‌ಬಾಕ್ಸಿನ ಸಿಂಕ್ರೊ ರಿಂಗ್, ಬುಷ್‌ಗಳು ಹಿತ್ತಾಳೆ ಅಥವಾ ಕಂಚಿನವು. ಜಿಎಲ್-5ರಲ್ಲಿ ಹೆಚ್ಚಾಗಿರುವ ಗಂಧಕ ಅವನ್ನು ಕಾಲಕ್ರಮೇಣ ಕೊರೆಯಬಹುದು. ಇನ್ನು ಡಿಫರೆನ್ಷಿಯಲ್ (ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಬಗೆಯದಾದರೆ ಅದಕ್ಕೆಂದೇ ಬರುವ ಎಣ್ಣೆ ಹಾಕಿ, ಇಲ್ಲದಿದ್ದರೆ ತಿರುವಿನಲ್ಲಿ ಪ್ಲೇಟುಗಳು ಹಿಡಿದು ಬಿಟ್ಟು ಕಟಕಟ ಅನ್ನುತ್ತವೆ.

ಪ್ರಮಾಣ: ರೋವರ್ ಆಕ್ಸಲ್ ಸುಮಾರು 1.75 ಲೀಟರ್, ಸಾಲಿಸ್‌ಬರಿ 2.5 ಲೀಟರ್, ಮುಂದಿನ ಸ್ವಿವೆಲ್ ಹೌಸಿಂಗ್ (ಮುಂದಿನ ಚಕ್ರ ಪಕ್ಕಕ್ಕೆ ತಿರುಗುವ ಚೆಂಡಿನ ಕೀಲಿನ ಕವಚ) ಒಂದೊಂದಕ್ಕೆ ಅರ್ಧ ಲೀಟರ್. ಇವು ಪೂರ್ತಿ ಖಾಲಿ ಮಾಡಿ ತುಂಬುವಾಗಿನ ಅಂಕಿಗಳು. ಟಾಪ್ ಅಪ್‌ಗೆ ತೂತಿನ ಅಂಚೇ ಅಳತೆ.

ಲೆವೆಲ್ ನೋಡುವ ಕ್ರಮ

ಗಾಡಿ ನಾಲ್ಕೂ ಚಕ್ರದ ಮೇಲೆ ಸಮತಟ್ಟು ನೆಲದಲ್ಲಿ ನಿಂತಿರಬೇಕು. ಒಂದು ಬದಿ ಜಾಕ್ ಏರಿಸಿದರೆ ಲೆವೆಲ್ ಸುಳ್ಳು ಹೇಳುತ್ತದೆ, ಜೊತೆಗೆ ದೊಡ್ಡ ಅಪಾಯವೂ ಇದೆ. ಸೀರೀಸ್ ಲ್ಯಾಂಡ್ ರೋವರ್‌ನ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು, ಚಕ್ರವನ್ನಲ್ಲ. ಹಿಂದಿನ ಒಂದು ಚಕ್ರ ನೆಲ ಬಿಟ್ಟರೆ ಡಿಫರೆನ್ಷಿಯಲ್ ಮೂಲಕ ಅದು ಹಿಂದುಮುಂದಾಗಿ ತಿರುಗುತ್ತದೆ, ನೆಲದಲ್ಲಿರುವ ಚಕ್ರ ಉರುಳುತ್ತದೆ, ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಜರುಗುತ್ತದೆ. ಗಾಡಿಯ ಕೆಳಗೆ ತಲೆ ಹಾಕುವ ಮೊದಲು ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲೋ ಮರದ ತುಂಡೋ ಅಡ್ಡ ಕೊಡಿ. ಇದನ್ನು ಯಾವತ್ತೂ ಬಿಡಬೇಡಿ.

ಸ್ವಲ್ಪ ಓಡಿಸಿ ತಂದು, ಹತ್ತು ಹದಿನೈದು ನಿಮಿಷ ನಿಲ್ಲಿಸಿ. ಎಣ್ಣೆ ಗೋಡೆಯಿಂದ ಇಳಿದು ಸೇರಿಕೊಳ್ಳಲಿ. ಪ್ಲಗ್ ಸುತ್ತಲಿನ ಮಣ್ಣನ್ನು ವೈರ್ ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಒಂದು ಚಿಟಿಕೆ ಮರಳು ಒಳಗೆ ಬಿದ್ದರೂ ಅದು ನೇರ ಬೇರಿಂಗಿಗೆ ಹೋಗುತ್ತದೆ, ಸೋಸಲು ಫಿಲ್ಟರ್ ಇಲ್ಲ. ಪ್ಲಗ್‌ನಲ್ಲಿ ಚೌಕದ ಗುಳಿಯಿದ್ದರೆ ಅರ್ಧ ಇಂಚಿನ ಸಾಕೆಟ್ ಸೆಟ್‌ನ ಬಾರ್ ನೇರವಾಗಿ ಕೂರುತ್ತದೆ. ಗುಳಿಯಲ್ಲಿ ತುಂಬಿದ ಕೆಸರನ್ನು ಸ್ಕ್ರೂಡ್ರೈವರ್‌ನಿಂದ ಕೆದಕಿ ತೆಗೆಯದೆ ಬಾರ್ ಇಟ್ಟರೆ ಅದು ಅರ್ಧಕ್ಕೇ ಕೂತು ಮೂಲೆಗಳನ್ನು ಸವೆಸಿಬಿಡುತ್ತದೆ.

ಎಣ್ಣೆ ಬದಲಿಸುವ ಕೆಲಸವಾದರೆ ಯಾವಾಗಲೂ ಮೇಲಿನ ಪ್ಲಗ್ ಮೊದಲು. ಕೆಳಗಿನ ಡ್ರೇನ್ ಪ್ಲಗ್ಗನ್ನು ಬಿಚ್ಚಿ ಎಣ್ಣೆ ಇಳಿಸಿದ ಮೇಲೆ ಮೇಲಿನದು ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಂತಿತು.

ಕಿರುಬೆರಳನ್ನು ತೂತಿನೊಳಗೆ ಹಾಕಿ ಕೊಕ್ಕೆಯಂತೆ ಕೆಳಗೆ ಬಾಗಿಸಿ. ಎಣ್ಣೆ ತೂತಿನ ಕೆಳ ಅಂಚಿಗೆ ಸಮವಾಗಿ ಇರಬೇಕು, 5 ಮಿ.ಮೀ. ಕೆಳಗಿದ್ದರೂ ನಡೆಯುತ್ತದೆ. ಬೆರಳ ತುದಿ ಒದ್ದೆಯಾಯಿತು ಅಂದಮಾತ್ರಕ್ಕೆ ಲೆವೆಲ್ ಸರಿ ಇದೆ ಅಂತಲ್ಲ. ಬೆರಳು ಹೊರಗೆ ತೆಗೆದು ಬಣ್ಣ ನೋಡಿ, ಹೆಬ್ಬೆರಳಿಗೆ ಉಜ್ಜಿ ನೋಡಿ, ಮೂಸಿ ನೋಡಿ. ಜೇನಿನ ಬಣ್ಣ, ಕಂದು, ತಿಳಿಗಪ್ಪು ಎಲ್ಲ ಸರಿ. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು. ಉಜ್ಜಿದಾಗ ಹರಳು ಹರಳಾಗಿ ಚುಚ್ಚಿದರೆ ಲೋಹ. ಸುಟ್ಟ ವಾಸನೆ ಬಂದರೆ ಎಣ್ಣೆ ಕಡಿಮೆಯಾಗಿ ಕಾದಿದೆ.

ತುಂಬಲು ಸಕ್ಷನ್ ಗನ್ ಅಥವಾ ಪೈಪ್ ಸಿಕ್ಕಿಸಿದ ಮೆದು ಬಾಟಲಿ ಸಾಕು. ಚಳಿಯಿದ್ದರೆ ಬಾಟಲಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಡಿ. ಎಣ್ಣೆ ತೂತಿನಿಂದ ಹೊರಗೆ ಹರಿಯತೊಡಗಿದಾಗ ನಿಲ್ಲಿಸಿ, ಐದು ನಿಮಿಷ ಬಿಡಿ. ಆಕ್ಸಲ್‌ನ ಎರಡೂ ಕೊಳವೆಗಳೊಳಗೆ ಎಣ್ಣೆ ಹರಡಿಕೊಂಡು ಲೆವೆಲ್ ಮತ್ತೆ ಇಳಿಯುತ್ತದೆ. ಇನ್ನೊಂದು ಸಲ ತುಂಬಿ, ದಾರದಂತೆ ಇಳಿಯುವುದು ಹನಿಯಾಗಿ ನಿಂತ ಮೇಲೆ ಪ್ಲಗ್ ಹಾಕಿ. ಎಷ್ಟು ಮಿಲಿ ಹಿಡಿಯಿತು ಅಂತ ಗುರುತು ಹಾಕಿದ ಬಾಟಲಿಯಿಂದ ನೋಡಿ, ಕಿಲೋಮೀಟರ್ ಜೊತೆಗೆ ಬರೆದಿಡಿ. ಟೇಪರ್ ಥ್ರೆಡ್‌ನ ಪ್ಲಗ್ ಆದರೆ ಹದವಾಗಿ ಬಿಗಿಸಿ. ಅದು ಬೆಣೆಯಂತೆ ಕೂರುವುದರಿಂದ ಮೈಮೇಲೆ ಬಿದ್ದು ಬಿಗಿದರೆ ಎರಕದ ಹೌಸಿಂಗ್ ಬಿರಿಯಬಹುದು. ನೇರ ಥ್ರೆಡ್ ಇದ್ದರೆ ಹೊಸ ತಾಮ್ರದ ವಾಷರ್.

ಲೆವೆಲ್‌ಗಿಂತ ಹೆಚ್ಚು ಹಾಕುವುದು ಒಳ್ಳೆಯದಲ್ಲ. ಕ್ರೌನ್ ವೀಲ್ ಅದನ್ನು ಕಡೆದು ನೊರೆ ಮಾಡುತ್ತದೆ, ಎಣ್ಣೆ ಕಾಯುತ್ತದೆ, ಬ್ರೀದರ್‌ನಿಂದಲೋ (ಆಕ್ಸಲ್‌ನೊಳಗಿನ ಗಾಳಿ ಓಡಾಡುವ ಕಿರುದಾರಿ) ಚಕ್ರದ ನಡುವಿನ ಹಬ್ ಸೀಲ್‌ನಿಂದಲೋ ಹೊರಬರುತ್ತದೆ. ಹಬ್‌ನಿಂದ ಬಂದದ್ದು ನೇರ ಬ್ರೇಕ್ ಲೈನರ್ ಮೇಲೆ.

ನೀರು ಮತ್ತು ಬ್ರೀದರ್

ಆಫ್ ರೋಡ್ ಗಾಡಿಯ ಆಕ್ಸಲ್ ಹಾಳಾಗುವ ದೊಡ್ಡ ಕಾರಣ ಇದು. ಓಡಿ ಬಿಸಿಯಾದ ಆಕ್ಸಲ್‌ನೊಳಗಿನ ಗಾಳಿ ಹಿಗ್ಗಿ ಬ್ರೀದರ್‌ನಿಂದ ಹೊರಗೆ ಹೋಗಿರುತ್ತದೆ. ಹಾಗೇ ಹೊಳೆಗೆ ಇಳಿದರೆ ಹೌಸಿಂಗ್ ತಟ್ಟನೆ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ, ಆಕ್ಸಲ್ ಉಸಿರು ಎಳೆದುಕೊಳ್ಳುತ್ತದೆ. ಬ್ರೀದರ್ ನೀರಿನೊಳಗಿದ್ದರೆ ಎಳೆಯುವುದು ನೀರನ್ನೇ. ಬ್ರೀದರ್ ಕೆಸರಿನಿಂದ ಕಟ್ಟಿಕೊಂಡಿದ್ದರೆ ಸೀಲ್‌ಗಳ ತುಟಿ ದಾಟಿ ನೀರು ಬರುತ್ತದೆ, ಏಕೆಂದರೆ ಸೀಲ್‌ನ ತುಟಿ ಒಳಗಿನ ಎಣ್ಣೆಯನ್ನು ತಡೆಯಲು ಮಾಡಿದ್ದು. ಕಟ್ಟಿಕೊಂಡ ಬ್ರೀದರ್ ಒಣ ರಸ್ತೆಯಲ್ಲೂ ತೊಂದರೆಯೇ: ಹಿಗ್ಗಿದ ಗಾಳಿಗೆ ದಾರಿಯಿಲ್ಲದೆ ಎಣ್ಣೆಯನ್ನು ಸೀಲ್‌ಗಳಿಂದ ತಳ್ಳುತ್ತದೆ. ಹೊಸ ಪಿನಿಯನ್ ಸೀಲ್ ಹಾಕಿದ ಮೇಲೂ ಜಿನುಗಿದರೆ ಮೊದಲು ಬ್ರೀದರ್ ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಊದಿ ನೋಡಿ.

ನೀರು ಎಣ್ಣೆಗಿಂತ ಭಾರ, ತಳದಲ್ಲಿ ಕೂರುತ್ತದೆ. ಹಾಗಾಗಿ ರಾತ್ರಿಯಿಡೀ ನಿಂತ ಗಾಡಿಯಲ್ಲಿ ಲೆವೆಲ್ ತೂತಿನ ಹತ್ತಿರದ ಎಣ್ಣೆ ಚೊಕ್ಕವಾಗಿ ಕಂಡರೂ ನಂಬಬೇಡಿ. ಹೊಳೆ ದಾಟಿ ಬಂದ ಮಾರನೆಯ ಬೆಳಿಗ್ಗೆ, ಗಾಡಿ ಅಲುಗಿಸುವ ಮೊದಲು, ಕೆಳಗೆ ಬಿಳಿ ತಟ್ಟೆ ಇಟ್ಟು ಡ್ರೇನ್ ಪ್ಲಗ್ಗನ್ನು ಪೂರ್ತಿ ತೆಗೆಯದೆ ಒಂದೆರಡು ಸುತ್ತು ಸಡಿಲಿಸಿ. ನೀರಿದ್ದರೆ ಮೊದಲು ಅದೇ ಹನಿಯುತ್ತದೆ: ತಿಳಿಯಾಗಿ, ಚುರುಕಾಗಿ, ತಟ್ಟೆಯಲ್ಲಿ ಮಣಿಯಂತೆ ಉರುಳುತ್ತದೆ. ಆಮೇಲೆ ಎಣ್ಣೆ ನಿಧಾನಕ್ಕೆ ಎಳೆಯೆಳೆಯಾಗಿ ಬರುತ್ತದೆ. ಎರಡು ಚಮಚ ನೀರು ಕಂಡರೂ ಪೂರ್ತಿ ಎಣ್ಣೆ ಬದಲಿಸಿ. ಬೇರಿಂಗ್‌ನ ರೋಲರ್‌ಗಳ ಮೇಲೆ ತುಕ್ಕಿನ ಚುಕ್ಕೆ ಬಿದ್ದರೆ ಆಮೇಲೆ ಎಷ್ಟು ಒಳ್ಳೆಯ ಎಣ್ಣೆ ಹಾಕಿದರೂ ಆ ಚುಕ್ಕೆ ಮಾಯುವುದಿಲ್ಲ.

ಬ್ರೀದರ್ ಜಾಗಕ್ಕೆ ಪೈಪ್ ಸಿಕ್ಕಿಸಿ ಬಾನೆಟ್ ಒಳಗೆ ಎತ್ತರಕ್ಕೆ ಒಯ್ಯುವುದು ಒಳ್ಳೆಯ ಬದಲಾವಣೆ. ಆಕ್ಸಲ್ ಮೇಲೆ ಕೆಳಗೆ ಆಡುವಷ್ಟು ಸಡಿಲ ಬಿಡಿ, ನಡುವೆ ತಗ್ಗು ಬರದಂತೆ ಕಟ್ಟಿ. ತಗ್ಗಿನಲ್ಲಿ ಎಣ್ಣೆಯೋ ನೀರೋ ನಿಂತರೆ ಪೈಪೇ ಮುಚ್ಚಿದಂತೆ.

ಮುಂದಿನ ಆಕ್ಸಲ್‌ನ ಲೆಕ್ಕ

ಮುಂದೆ ಎಣ್ಣೆಯ ಮನೆಗಳು ಮೂರು: ನಡುವೆ ಡಿಫರೆನ್ಷಿಯಲ್, ಎರಡು ತುದಿಗೆ ಸ್ವಿವೆಲ್. ಮಧ್ಯೆ, ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ದಂಡಗಳ ಸುತ್ತ, ಹಾಫ್ ಶಾಫ್ಟ್ ಸೀಲ್‌ಗಳು. ಡಿಫರೆನ್ಷಿಯಲ್ ಲೆವೆಲ್ ಇಳಿದು ಒಂದು ಸ್ವಿವೆಲ್‌ನ ಲೆವೆಲ್ ಏರಿದ್ದರೆ ಆ ಬದಿಯ ಒಳಸೀಲ್ ಹೋಗಿದೆ. ಹೊರಗೆ ಒಂದು ಹನಿಯೂ ಕಾಣದೆ ಎಣ್ಣೆ ಮನೆ ಬದಲಿಸಿದೆ. ಹಾಗಾಗಿ ಮೂರನ್ನೂ ಒಂದೇ ಸಲ ನೋಡಬೇಕು. ಸ್ವಿವೆಲ್ ಚೆಂಡಿನ ಕ್ರೋಮ್ ಎದ್ದು ಗುಳಿ ಬಿದ್ದಿದ್ದರೆ ಹೊರಗಿನ ಸೀಲ್ ಎಷ್ಟು ಹೊಸದಾದರೂ ಬಾಳುವುದಿಲ್ಲ, ಗುಳಿಯ ಅಂಚು ಅದನ್ನು ಅರದಂತೆ ಉಜ್ಜುತ್ತದೆ.

ಟೊಯೋಟಾದ ಹಳೆಯ ಲ್ಯಾಂಡ್ ಕ್ರೂಸರ್‌ಗಳಲ್ಲಿ ಈ ತುದಿಯ ಹೌಸಿಂಗ್‌ಗೆ ಎಣ್ಣೆಯಲ್ಲ, ಮಾಲಿಬ್ಡಿನಂ ಗ್ರೀಸ್. ಅಲ್ಲಿ ಒಳಸೀಲ್ ಹೋದರೆ ಗ್ರೀಸ್ ಕರಗಿ ಕರಿ ಗಂಜಿಯಾಗಿ ಚೆಂಡಿನ ಮೇಲೆ ಇಳಿಯುತ್ತದೆ.

ಪ್ಲಗ್‌ಗೆ ಅಂಟಿದ್ದು

ಡ್ರೇನ್ ಪ್ಲಗ್‌ನಲ್ಲಿ ಅಯಸ್ಕಾಂತ ಇದ್ದರೆ ಅದರ ಮೇಲಿನ ಬೂದು ಬಣ್ಣದ ನುಣ್ಣನೆ ಲೇಪ ಮಾಮೂಲಿ ಸವಕಳಿ, ಒರೆಸಿ ಹಾಕಿ. ಸೂಜಿಯಂಥ ಚೂರು, ಬೆಳಕಿಗೆ ಹೊಳೆಯುವ ಹಕ್ಕಳೆ, ಉಗುರಿನಷ್ಟು ಅಗಲದ ತುಂಡು ಸಿಕ್ಕರೆ ಎಣ್ಣೆ ತುಂಬಿ ಮುಂದೆ ಹೋಗಬೇಡಿ, ಡಿಫರೆನ್ಷಿಯಲ್ ಬಿಚ್ಚಿ ನೋಡಬೇಕು. ಹಲ್ಲಿನ ತುಂಡು ಮತ್ತೆ ಹಲ್ಲುಗಳ ನಡುವೆ ಸಿಕ್ಕರೆ ಹೌಸಿಂಗ್ ಸಮೇತ ಹೋಗುತ್ತದೆ.

ಸದ್ದು ಅಡಗಿಸಲು, ಸೋರಿಕೆ ನಿಲ್ಲಿಸಲು 140ರ ದಪ್ಪ ಎಣ್ಣೆ ಹಾಕುವ ರೂಢಿ ಇದೆ. ಚಳಿಯಲ್ಲಿ ಹೊರಟಾಗ ಅದು ಪಿನಿಯನ್ ಬೇರಿಂಗಿಗೆ ತಲುಪುವುದು ತಡ. ಹಾಳಾದದ್ದು ಸೀಲ್, ಬೆಲೆ ತೆರುವುದು ಬೇರಿಂಗ್. ಪಿನಿಯನ್ ಸೀಲ್ ಬದಲಿಸುವಾಗ, ಪ್ರೊಪೆಲ್ಲರ್ ಶಾಫ್ಟ್ ಜೋಡಿಸುವ ಫ್ಲ್ಯಾಂಜ್‌ನಲ್ಲಿ ಸೀಲ್ ಕೂರುವ ಜಾಗದ ಮೇಲೆ ಉಗುರು ಎಳೆದು ನೋಡಿ; ಹಳೆಯ ಸೀಲ್ ಕೊರೆದ ಗೀರಿಗೆ ಉಗುರು ಸಿಕ್ಕಿಕೊಂಡರೆ ಫ್ಲ್ಯಾಂಜ್ ಕೂಡ ಬದಲಿಸಬೇಕು.

ಮಾಮೂಲಿ ಓಡಾಟಕ್ಕೆ 5,000 ಕಿ.ಮೀ.ಗೊಮ್ಮೆ ಲೆವೆಲ್, 40,000 ಕಿ.ಮೀ. ಸುತ್ತಮುತ್ತ ಬದಲಾವಣೆ, ಹಬ್ ಮುಳುಗುವ ನೀರಿಗೆ ಇಳಿದರೆ ಈ ಲೆಕ್ಕ ಬಿಟ್ಟು ಮಾರನೆಯ ದಿನವೇ ಡ್ರೇನ್ ಪ್ಲಗ್. ಟಾಪ್ ಅಪ್ ಮಾಡಿದ ದಿನ ಪಿನಿಯನ್ ಸುತ್ತ, ಪ್ಲಗ್‌ಗಳ ಕೆಳಗೆ, ನಾಲ್ಕೂ ಬ್ರೇಕ್ ಡ್ರಮ್‌ಗಳ ಹಿಂದೆ ಒರೆಸಿ ಒಣಗಿಸಿ. ಐವತ್ತು ಅರವತ್ತು ಕಿ.ಮೀ. ಓಡಿಸಿದ ಮೇಲೆ ಒಂದು ಬಿಳಿ ಕಾಗದವನ್ನು ಆ ಜಾಗಗಳಿಗೆ ಒತ್ತಿ ತೆಗೆಯಿರಿ. ಎಣ್ಣೆ ಎಲ್ಲಿಂದ ಹೋಗುತ್ತಿದೆ ಅನ್ನುವುದು ಕಾಗದದ ಮೇಲೆ ಮೂಡಿರುತ್ತದೆ.