ರೆಫರೆನ್ಸ್ ಪ್ಲೇನ್: ಅಳತೆಯ ಹೊಸ್ತಿಲು

ವೆಕ್ಟರ್ ನೆಟ್‌ವರ್ಕ್ ಅನಲೈಸರ್ (ಆಂಟೆನಾ, ಕೇಬಲ್ ಮುಂತಾದವನ್ನು ರೇಡಿಯೊ ಅಲೆಯಿಂದ ಅಳೆಯುವ ಉಪಕರಣ) ಬಳಸುವವರ ಬಾಯಲ್ಲಿ ಪದೇ ಪದೇ ಬರುವ, ಆದರೆ ನಿಂತು ಯೋಚಿಸುವವರು ಕಡಿಮೆ ಇರುವ ಒಂದು ಪದ ‘ರೆಫರೆನ್ಸ್ ಪ್ಲೇನ್’. ಉಪಕರಣಕ್ಕೂ ಅಳೆಯಬೇಕಾದ ವಸ್ತುವಿಗೂ ನಡುವೆ ನಾವೇ ಎಳೆದುಕೊಳ್ಳುವ ಕಾಣದ ಗೆರೆ ಅದು. ಗೆರೆಯಿಂದ ಈಚೆಗಿರುವ ಕೇಬಲ್, ಕನೆಕ್ಟರ್, ಅಡಾಪ್ಟರ್ ಎಲ್ಲವೂ ಉಪಕರಣದ ಲೆಕ್ಕಕ್ಕೆ ಸೇರುತ್ತವೆ. ಆಚೆಗಿರುವುದೆಲ್ಲ ವಸ್ತುವಿನ ಲೆಕ್ಕಕ್ಕೆ. ಇದನ್ನು ‘ಉಲ್ಲೇಖ ತಲ’ ಎಂದು ಅನುವಾದಿಸಿದರೆ ತಪ್ಪೇನಿಲ್ಲ, ಆದರೆ ಆ ಪದ ಕೆಲಸ ಮಾಡುವ ಕೈಗೆ ಏನನ್ನೂ ಹೇಳುವುದಿಲ್ಲ. ಮನೆಯ ಒಳಗು ಹೊರಗನ್ನು ಬೇರೆ ಮಾಡುವ ಹೊಸ್ತಿಲಿನ ಹಾಗೆ ಇದು ಅಳತೆಯ ಹೊಸ್ತಿಲು ಎಂದರೆ ಅರ್ಥ ಹೆಚ್ಚು ಹತ್ತಿರ ಬರುತ್ತದೆ ಎಂದು ನನ್ನ ಎಣಿಕೆ.

ಉಪಕರಣ ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಗೊತ್ತಿರುವ ಆವರ್ತನದ ಅಲೆಯೊಂದನ್ನು ಕಳಿಸಿ, ಅದರಲ್ಲಿ ಎಷ್ಟು ಪಾಲು, ಏರಿಳಿತದ ಯಾವ ಹಂತದಲ್ಲಿ, ಅಂದರೆ ಯಾವ ಫೇಸ್‌ನಲ್ಲಿ ಮರಳಿತು ಎಂದು ನೋಡುತ್ತದೆ. ಈ ಅನುಪಾತಕ್ಕೆ ಎಸ್11 ಎಂದು ಹೆಸರು. ಪ್ರಯೋಗಾಲಯಗಳಲ್ಲಿ ಲಕ್ಷಗಟ್ಟಲೆ ಬೆಲೆಯ ಯಂತ್ರಗಳು ಮಾಡುತ್ತಿದ್ದ ಈ ಕೆಲಸವನ್ನು, ಜಪಾನಿನ ಹವ್ಯಾಸಿಯೊಬ್ಬರ ವಿನ್ಯಾಸದಿಂದ ಹುಟ್ಟಿ 2019ರಿಂದೀಚೆಗೆ ಎಲ್ಲೆಡೆ ಹರಡಿದ ನ್ಯಾನೊವಿಎನ್‌ಎ ಎಂಬ ಅಂಗೈಯಗಲದ ಸಾಧನ ಕೆಲವು ಸಾವಿರ ರೂಪಾಯಿಗೆ ಮಾಡತೊಡಗಿತು. ಅದರೊಳಗೆ ಇರುವುದು ಒಂದು ಅಗ್ಗದ ಕ್ಲಾಕ್ ಚಿಪ್, ರೆಸಿಸ್ಟರ್‌ಗಳ ಒಂದು ಬ್ರಿಡ್ಜ್, ಮೂರು ಮಿಕ್ಸರ್‌ಗಳು ಮತ್ತು ಧ್ವನಿಗೆಂದು ತಯಾರಾದ ಒಂದು ಆಡಿಯೊ ಕೋಡೆಕ್. ಮೊದಲ ಮಾದರಿಗಳಲ್ಲಿ 300 ಮೆಗಾಹರ್ಟ್ಸ್‌ವರೆಗೆ ಮಾತ್ರ ಕ್ಲಾಕ್ ಚಿಪ್ಪಿನ ಮೂಲ ಆವರ್ತನವೇ ಬಳಕೆಯಾಗುತ್ತದೆ. ಅಲ್ಲಿಂದ 900ರವರೆಗೆ ಅದರ ಮೂರನೆಯ ಹಾರ್ಮೋನಿಕ್ಕಿನಿಂದ, ಅಂದರೆ ಮೂಲದ ಮೂರು ಪಟ್ಟು ಆವರ್ತನದ ದುರ್ಬಲ ಅಂಶದಿಂದ, ಕೆಲಸ ನಡೆಯುವುದರಿಂದ ಸಂಕೇತ ಸೊರಗುತ್ತದೆ. ಇಂಥ ಯಂತ್ರದ ಹಸಿ ಅಂಕಿಗಳನ್ನು ಹಾಗೆಯೇ ನಂಬುವಂತಿಲ್ಲ. ನಂಬಿಕೆಗೆ ತಕ್ಕದ್ದಾಗಿಸುವುದು ಕ್ಯಾಲಿಬ್ರೇಶನ್, ಮತ್ತು ಕ್ಯಾಲಿಬ್ರೇಶನ್ ಮಾಡುವುದೆಂದರೆ ಹೊಸ್ತಿಲನ್ನು ಒಂದು ನಿರ್ದಿಷ್ಟ ಜಾಗದಲ್ಲಿ ಕೂರಿಸುವುದೇ.

ಅಂಗಡಿಯಲ್ಲಿ ಎಣ್ಣೆ ತೂಗುವಾಗ ಖಾಲಿ ಪಾತ್ರೆಯನ್ನು ಮೊದಲು ತೂಗಿ ಆ ತೂಕವನ್ನು ಕಳೆಯುವುದು ಎಲ್ಲರಿಗೂ ಗೊತ್ತು. ಇದೂ ಅಂಥದ್ದೇ, ಆದರೆ ಒಂದು ಅಂಕಿಯನ್ನು ಕಳೆದು ಕೈತೊಳೆದುಕೊಳ್ಳಲು ಇಲ್ಲಿ ಆಗುವುದಿಲ್ಲ. ಹೋಗಬೇಕಾದ ಅಲೆಯಲ್ಲಿ ಒಂದಿಷ್ಟು ವಸ್ತುವನ್ನು ಮುಟ್ಟದೆಯೇ ರಿಸೀವರಿಗೆ ಸೋರುತ್ತದೆ; ವಸ್ತುವಿನಿಂದ ಮರಳಿದ ಅಲೆಯಲ್ಲಿ ಒಂದಿಷ್ಟು ಉಪಕರಣಕ್ಕೆ ಬಡಿದು ಮತ್ತೆ ವಸ್ತುವಿನ ಕಡೆಗೇ ಹೋಗುತ್ತದೆ; ಉಳಿದದ್ದು ದಾರಿಯಲ್ಲಿ ಕುಗ್ಗಿ, ಫೇಸ್ ಬದಲಿಸಿಕೊಂಡು ಬರುತ್ತದೆ. ಮೂರು ಅಪರಿಚಿತ ಸಂಖ್ಯೆಗಳಾದ್ದರಿಂದ ಅವುಗಳನ್ನು ಬಿಡಿಸಲು ಮೊದಲೇ ಗೊತ್ತಿರುವ ಮೂರು ವಸ್ತುಗಳು ಬೇಕು: ಶಾರ್ಟ್ (ಎರಡು ವಾಹಕಗಳನ್ನು ನೇರ ಜೋಡಿಸಿದ್ದು), ಓಪನ್ (ತೆರೆದು ಬಿಟ್ಟದ್ದು) ಮತ್ತು 50 ಓಮ್‌ನ ಲೋಡ್. ಈ ಮೂರನ್ನು ಯಾವ ತುದಿಗೆ ತಿರುಗಿಸಿ ಕೂರಿಸುತ್ತೇವೆಯೋ ಆ ತುದಿಯೇ ಹೊಸ್ತಿಲು. ಉಪಕರಣದ ಮೈಮೇಲಿನ ಕನೆಕ್ಟರಿನಲ್ಲಿ ಕ್ಯಾಲಿಬ್ರೇಶನ್ ಮುಗಿಸಿ, ಆಮೇಲೆ ಕೇಬಲ್ ಜೋಡಿಸಿ ಆಂಟೆನಾ ಅಳೆಯುವವರು ಅಳೆಯುತ್ತಿರುವುದು ಕೇಬಲ್ ಮತ್ತು ಆಂಟೆನಾ ಎರಡನ್ನೂ ಸೇರಿಸಿ.

ಇದರಿಂದ ಎಷ್ಟು ವ್ಯತ್ಯಾಸವಾದೀತು ಎಂಬುದಕ್ಕೆ ಒಂದು ಲೆಕ್ಕ ಮಾಡಿ ನೋಡೋಣ. ನಮ್ಮ ದೇಶದಲ್ಲಿ ಲೋರಾ ಎಂಬ ದೂರಗಾಮಿ, ಕಡಿಮೆ ಶಕ್ತಿಯ ರೇಡಿಯೊ ಸಾಧನಗಳು ಬಳಸುವ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯ ಒಂದು ಚಿಕ್ಕ ಆಂಟೆನಾ ಇದೆ, ಅದು ನಿಜಕ್ಕೂ 25 ಓಮ್‌ನ ಶುದ್ಧ ರೆಸಿಸ್ಟೆನ್ಸ್ ಎಂದಿಟ್ಟುಕೊಳ್ಳಿ. ಅದನ್ನು ಉಪಕರಣಕ್ಕೆ ಸೇರಿಸಲು 15 ಸೆಂಟಿಮೀಟರ್ ಉದ್ದದ, ವೆಲಾಸಿಟಿ ಫ್ಯಾಕ್ಟರ್ 0.69 ಇರುವ (ಅಂದರೆ ಅಲೆ ಬೆಳಕಿನ ವೇಗದ 0.69 ಪಾಲಿನಲ್ಲಿ ಸಾಗುವ) ತೆಳು ಕೇಬಲ್ ಬಳಸಿದ್ದೇವೆ, ಹೊಸ್ತಿಲು ಮಾತ್ರ ಕೇಬಲ್ಲಿನ ಈಚೆಯ ತುದಿಯಲ್ಲೇ ಉಳಿದಿದೆ. ಅಲೆ ಹೋಗಿ ಬರಲು ಸುಮಾರು 1.45 ನ್ಯಾನೊಸೆಕೆಂಡ್ ಬೇಕು. 866 ಮೆಗಾಹರ್ಟ್ಸ್‌ನಲ್ಲಿ ಅದು ಸ್ಮಿತ್ ಚಾರ್ಟಿನ (ಎಸ್11 ಅನ್ನು ಚುಕ್ಕೆಯಾಗಿ ತೋರಿಸುವ ದುಂಡು ನಕ್ಷೆಯ) ಮೇಲೆ ಒಂದು ಪೂರ್ತಿ ಸುತ್ತು, ಮೇಲೆ ಇನ್ನೊಂದು ಕಾಲು ಸುತ್ತು. ಆದ್ದರಿಂದ ಪರದೆಯ ಮೇಲೆ 25 ಓಮ್ ಕಾಣುವುದಿಲ್ಲ, ಸುಮಾರು 40 ಓಮ್ ರೆಸಿಸ್ಟೆನ್ಸ್ ಮತ್ತು 30 ಓಮ್‌ನ ಇಂಡಕ್ಟಿವ್ ರಿಯಾಕ್ಟೆನ್ಸ್ (ತಂತಿಯ ಸುರುಳಿ ಒಡ್ಡುವಂಥ ತಡೆ) ಕಾಣುತ್ತದೆ. ಇದನ್ನು ನಂಬಿದವರು ಆ ರಿಯಾಕ್ಟೆನ್ಸನ್ನು ರದ್ದು ಮಾಡಲೆಂದು ಆಂಟೆನಾದ ಬುಡದಲ್ಲಿ 6 ಪಿಕೊಫ್ಯಾರಡ್ ಕೆಪಾಸಿಟರನ್ನು ಸರಣಿಯಲ್ಲಿ ಬೆಸುಗೆ ಹಾಕಿದರೆ, 2 ಇದ್ದ ಎಸ್‌ಡಬ್ಲ್ಯೂಆರ್ (ಹೊಂದಾಣಿಕೆಯ ಅಳತೆ; 1 ಆದರೆ ಪರಿಪೂರ್ಣ) ಇಳಿಯುವ ಬದಲು 2.9ರ ಹತ್ತಿರ ಏರುತ್ತದೆ. ಅದೇ ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ತಂದೊಡ್ಡುವ ತಿರುವು 4 ಡಿಗ್ರಿಯೂ ಇಲ್ಲ. ಶಾರ್ಟ್‌ವೇವ್‌ನಲ್ಲಿ ಪಳಗಿದ ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು ಈ ವಿಷಯದಲ್ಲಿ ಉದಾರಿಗಳಾಗಿರುವುದಕ್ಕೂ 300 ಮೆಗಾಹರ್ಟ್ಸ್ ಮೇಲಿನ ಯುಎಚ್‌ಎಫ್‌ಗೆ ಬಂದಾಗ ಎಡವುವುದಕ್ಕೂ ಕಾರಣ ಇದೇ.

ಹೊಸ್ತಿಲನ್ನು ಆಂಟೆನಾದ ಬುಡಕ್ಕೇ ಒಯ್ಯುವುದು ಸರಿಯಾದ ದಾರಿ. ಕೇಬಲ್ಲಿನ ತುದಿಯನ್ನು ಬೋರ್ಡಿನ ಪ್ಯಾಡಿಗೆ ಬೆಸೆದು, ಅಲ್ಲಿಯೇ ಒಮ್ಮೆ ತೆರೆದು ಬಿಟ್ಟು, ಒಮ್ಮೆ ಗ್ರೌಂಡಿಗೆ ಶಾರ್ಟ್ ಮಾಡಿ, ಒಮ್ಮೆ 100 ಓಮ್‌ನ ಎರಡು ಚಿಪ್ ರೆಸಿಸ್ಟರ್‌ಗಳನ್ನು ಸಮಾಂತರವಾಗಿ ಬೆಸೆದು ಕ್ಯಾಲಿಬ್ರೇಶನ್ ಮಾಡಬಹುದು. ಅಷ್ಟು ವ್ಯವಧಾನವಿಲ್ಲದಿದ್ದರೆ, ತುದಿಯನ್ನು ತೆರೆದಿಟ್ಟು, ಸ್ಮಿತ್ ಚಾರ್ಟಿನ ಅಂಚಿನಲ್ಲಿ ಹರಡಿದ ಕಮಾನು ಬಲತುದಿಯಲ್ಲಿ ಒಂದು ಚುಕ್ಕೆಯಾಗಿ ಮುದುಡುವವರೆಗೆ ‘ಎಲೆಕ್ಟ್ರಿಕಲ್ ಡಿಲೇ’ ಅಂಕಿಯನ್ನು ಹೆಚ್ಚಿಸುತ್ತ ಹೋಗಬೇಕು. ಆದರೆ ಇದು ಕೇಬಲ್ಲಿನ ಉದ್ದವನ್ನಷ್ಟೇ ಕಳೆಯುತ್ತದೆ, ಅದರ ನಷ್ಟವನ್ನಲ್ಲ. ಕೇಬಲ್ಲಿನ ನಷ್ಟ ಯಾವಾಗಲೂ ಆಂಟೆನಾವನ್ನು ಹೊಗಳುತ್ತದೆ: 3 ಡೆಸಿಬೆಲ್ ನಷ್ಟದ ಕೇಬಲ್ಲಿನ ತುದಿಯಲ್ಲಿ ಆಂಟೆನಾವೇ ಇಲ್ಲದಿದ್ದರೂ, ಹೋಗುವಾಗ 3 ಮತ್ತು ಬರುವಾಗ 3 ಕಳೆದು, ಎಸ್‌ಡಬ್ಲ್ಯೂಆರ್ 3 ಎಂದು ಮರ್ಯಾದಸ್ಥ ಅಂಕಿಯೊಂದು ಕಾಣಿಸಿಕೊಳ್ಳುತ್ತದೆ.

ಕ್ಯಾಲಿಬ್ರೇಶನ್ ಸರಿಯಾಗಿದೆಯೇ ಎಂದು ನೋಡಲು ಹಲವರು ಅದೇ ಲೋಡನ್ನು ಮತ್ತೆ ಜೋಡಿಸಿ, 50 ಓಮ್ ತೋರಿಸಿತೆಂದು ಸಮಾಧಾನಪಡುತ್ತಾರೆ. ಅದು ಕಳ್ಳನನ್ನೇ ಸಾಕ್ಷಿಗೆ ಕರೆದಂತೆ. ಲೋಡ್ ನಿಜವಾಗಿ 52 ಓಮ್ ಆಗಿದ್ದರೂ ಉಪಕರಣ ಅದನ್ನೇ 50 ಎಂದು ಕಲಿತಿರುತ್ತದೆ, ಮತ್ತು ಅಂಥ ಲೋಡಿನ ಮೇಲೆ ನಿಂತ ಅಳತೆಯಲ್ಲಿ ಸುಮಾರು 34 ಡೆಸಿಬೆಲ್ಲಿಗಿಂತ ಉತ್ತಮವಾದ ರಿಟರ್ನ್ ಲಾಸ್ (ಮರಳಿದ ಅಲೆ ಕಳಿಸಿದ್ದಕ್ಕಿಂತ ಎಷ್ಟು ಕುಗ್ಗಿದೆ ಎಂಬ ಅಳತೆ) ಯಾವುದಕ್ಕೂ ಬೆಲೆಯಿಲ್ಲ. ಸಾಕ್ಷಿ ಹೊರಗಿನದಾಗಿರಬೇಕು. ಒಂದು ಟಿ ಕನೆಕ್ಟರಿಗೆ ಎರಡು ಲೋಡ್‌ಗಳನ್ನು ಹಾಕಿದರೆ 25 ಓಮ್ ಆಗುತ್ತದೆ. ಕಡಿಮೆ ಆವರ್ತನಗಳಲ್ಲಿ ಎಸ್‌ಡಬ್ಲ್ಯೂಆರ್ 2 ಮತ್ತು ರಿಟರ್ನ್ ಲಾಸ್ 9.5 ಡೆಸಿಬೆಲ್ ಬಂದರೆ ನಂಬಬಹುದು.

ಪರದೆಯ ಎಡ ಅಂಚಿನಲ್ಲಿ ಸಾಲಾಗಿ ಕಾಣುವ ಚಿಕ್ಕ ಅಕ್ಷರಗಳನ್ನೂ ಓದುವ ಅಭ್ಯಾಸ ಬೇಕು. ಮೇಲಿನ ‘ಸಿ’ ದೊಡ್ಡಕ್ಷರದಲ್ಲಿದ್ದರೆ ಕ್ಯಾಲಿಬ್ರೇಶನ್ ಇದ್ದ ಹಾಗೆಯೇ ಬಳಕೆಯಾಗುತ್ತಿದೆ. ಸಣ್ಣಕ್ಷರಕ್ಕೆ ತಿರುಗಿದರೆ ಆವರ್ತನದ ವ್ಯಾಪ್ತಿಯನ್ನು ನಾವು ಬದಲಿಸಿದ್ದೇವೆ, ಉಪಕರಣ ನಡುವಿನ ಬೆಲೆಗಳನ್ನು ಅಂದಾಜಿನಿಂದ ತುಂಬುತ್ತಿದೆ. 900 ಮೆಗಾಹರ್ಟ್ಸ್ ವ್ಯಾಪ್ತಿಯನ್ನು 101 ಬಿಂದುಗಳಿಗೆ ಹಂಚಿದರೆ ಎರಡು ಬಿಂದುಗಳ ನಡುವೆ 9 ಮೆಗಾಹರ್ಟ್ಸ್ ಅಂತರ, ಅಂದರೆ 7.0ರಿಂದ 7.2ರವರೆಗಿನ ಇಡೀ ಹ್ಯಾಮ್ ಪಟ್ಟಿ ಒಂದೇ ಸಂದಿನಲ್ಲಿ ಕಣ್ಮರೆಯಾಗಬಹುದು. ಬೇಕಾದ ಪಟ್ಟಿಗೆ ವ್ಯಾಪ್ತಿಯನ್ನು ಮೊದಲು ಕಿರಿದುಗೊಳಿಸಿ, ಆಮೇಲೆ ಕ್ಯಾಲಿಬ್ರೇಶನ್ ಮಾಡಬೇಕು.

ಇಷ್ಟೆಲ್ಲ ಮಾಡಿದರೂ ಹೊಸ್ತಿಲಿನ ಮಾತನ್ನು ಕೇಳದ ಒಂದು ಪ್ರವಾಹವಿದೆ. ಚಿಕ್ಕ ಬೋರ್ಡಿನ ಆಂಟೆನಾಗೆ ಸಾಕಷ್ಟು ಗ್ರೌಂಡ್ ಇಲ್ಲದಿದ್ದಾಗ ಅಳೆಯುವ ಕೇಬಲ್ಲಿನ ಹೊರ ಜಾಲರಿಯೇ ಆಂಟೆನಾದ ಭಾಗವಾಗುತ್ತದೆ. ಕ್ಯಾಲಿಬ್ರೇಶನ್ ಲೆಕ್ಕವಿಡುವುದು ಕೇಬಲ್ಲಿನ ಒಳಗೆ ಹರಿಯುವುದನ್ನು ಮಾತ್ರ, ಹೊರಮೈ ಮೇಲೆ ಹರಿಯುವುದನ್ನಲ್ಲ. ಕೇಬಲ್ಲನ್ನು ಎರಡು ಬೆರಳಲ್ಲಿ ಹಿಡಿದಾಗ ಪರದೆಯ ಮೇಲಿನ ಎಸ್11 ಗೆರೆಯ ತಗ್ಗು ಹತ್ತಿಪ್ಪತ್ತು ಮೆಗಾಹರ್ಟ್ಸ್ ಆಚೀಚೆ ಸರಿದರೆ ಅದೇ ಇದರ ಗುರುತು. ಬೋರ್ಡಿಗೆ ಹತ್ತಿರವಾಗಿ ಕೇಬಲ್ಲಿಗೆ ಆ ಆವರ್ತನಕ್ಕೆ ತಕ್ಕ ಫೆರೈಟ್ ಮಣಿಗಳನ್ನು ಪೋಣಿಸಿ, ಮತ್ತೆ ಅದೇ ಜಾಗದಲ್ಲಿ ಬೆರಳಿಟ್ಟು ನೋಡಬೇಕು. ತಗ್ಗು ಕದಲದಿದ್ದರೆ ಆಗ ಕಂಡ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳಬಹುದು.