ಉಪ್ಪು ತೋರಿಸುವ ನೀರಿನ ದಾರಿ

ಕುಮಟಾ, ಅಂಕೋಲಾ ಕಡೆ ಅಳಿವೆ ಹತ್ತಿರ ಮನೆಯಿದ್ದವರಿಗೆ ಏಪ್ರಿಲ್ ತಿಂಗಳು ಹೇಗಿರುತ್ತದೆ ಎಂದು ಹೇಳಬೇಕಿಲ್ಲ. ಬಾವಿ ನೀರಲ್ಲಿ ಮಾಡಿದ ಚಹಾ ಕೂಡ ಉಪ್ಪುಪ್ಪು. ಬೇಲಿಯಾಚೆಯ ಬಾವಿ ಮಾತ್ರ ಸಿಹಿ. ಎರಡೂ ಹೆಚ್ಚುಕಮ್ಮಿ ಒಂದೇ ಆಳ. ಹಾಗಾದರೆ ಉಪ್ಪುನೀರು ಯಾವ ದಾರಿ ಹಿಡಿದು ಬಂತು?

ಅಗೆಯದೇ ನೋಡುವ ಉಪಾಯವೊಂದಿದೆ. ಸಾಲಾಗಿ ಉಕ್ಕಿನ ಸರಳು ಹುಗಿದು, ಎರಡರಿಂದ ನೆಲಕ್ಕೆ ಕರೆಂಟ್ ಬಿಟ್ಟು, ಇನ್ನೆರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಸರಳುಗಳು ದೂರದೂರ ಇದ್ದಷ್ಟೂ ಆಳದ ಸುದ್ದಿ ಸಿಗುತ್ತದೆ. ನೂರಾರು ಅಳತೆ ಸೇರಿಸಿ ಕಂಪ್ಯೂಟರ್ ನೆಲದೊಳಗಿನ ಚಿತ್ರ ಬರೆಯುತ್ತದೆ. ಫ್ರಾನ್ಸಿನ ಕಾನ್ರಾಡ್ ಶ್ಲುಂಬರ್ಜೆ 1912ರಲ್ಲೇ ನೆಲಕ್ಕೆ ಕರೆಂಟ್ ಬಿಟ್ಟು ನಕ್ಷೆ ಬರೆದಿದ್ದರು. ಅವರಿಗೆ ಬೇಕಿದ್ದದ್ದು ನೀರಲ್ಲ, ಅದಿರು.

ನಮ್ಮ ಕಡೆ ಮೇಲಿರುವುದು ಚಿರೇಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ. ಬೇಸಿಗೆಯಲ್ಲಿ ಸರಳು ಬಡಿದರೆ ಟಣ್ ಎನ್ನುತ್ತದೆ. ಹೇಗೋ ಇಳಿಸಿದರೂ ಒಣ ಕಲ್ಲಿಗೆ ಕರೆಂಟ್ ಹತ್ತುವುದಿಲ್ಲ. ಆಗ ಸರಳಿನ ಬುಡಕ್ಕೆ ಒಂದು ಚೊಂಬು ಉಪ್ಪುನೀರನ್ನೇ ಹೊಯ್ಯುತ್ತಾರೆ! ಉಪ್ಪಿಗೂ ಕರೆಂಟಿಗೂ ಅಷ್ಟು ಸ್ನೇಹ. ಸಮುದ್ರದ ನೀರಿನ ರೋಧ, ಅಂದರೆ ಕರೆಂಟನ್ನು ತಡೆಯುವ ಗುಣ, ಸುಮಾರು 0.2 ಓಮ್-ಮೀಟರ್. ಒಳ್ಳೆಯ ಬಾವಿ ನೀರಿನದು ಅದರ ನೂರು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ. ಗಟ್ಟಿ ಬಂಡೆಯದು ಸಾವಿರಗಟ್ಟಲೆ ಓಮ್-ಮೀಟರ್.

ಆದರೆ ಚಿತ್ರದಲ್ಲಿ ರೋಧ ಕಮ್ಮಿ ಕಂಡಿತು, ಅಲ್ಲಿ ನೀರಿದೆ ಎಂದು ಸುಮ್ನೆ ಬೋರ್ ಹೊಡೆಸಿದರೆ ಕೈ ಸುಟ್ಟುಕೊಳ್ಳುತ್ತೀರಿ. ಚಿರೇಕಲ್ಲಿನ ಕೆಳಗಿನ ಜೇಡಿಯಂಥ ನುಣುಪು ಶೇಡಿ ಮಣ್ಣೂ ಹಾಗೇ ಕಾಣುತ್ತದೆ. ಶೇಡಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಬಿಟ್ಟುಕೊಡುವುದಿಲ್ಲ. ನೀರು ಇರುವುದು ಬೇರೆ, ಹರಿಯುವುದು ಬೇರೆ ಅಲ್ವಾ? ಒಂದೇ ಚಿತ್ರ ನೋಡಿ ತೀರ್ಪು ಕೊಡುವವರನ್ನು ನಾನಂತೂ ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ತೋರಿಸುವವರ ಸಾಲಿಗೇ ಸೇರಿಸುತ್ತೇನೆ.

ಹರಿವು ತಿಳಿಯಬೇಕೆಂದರೆ ಅದೇ ಜಾಗದ ಚಿತ್ರ ಮತ್ತೆ ಮತ್ತೆ ತೆಗೆಯಬೇಕು. ಪರೀಕ್ಷೆಗೆಂದೇ ಕೊರೆದ ಕೊಳವೆಗೆ ಉಪ್ಪು ಕರಗಿಸಿ ಬಿಡುತ್ತಾರೆ. ಆಮೇಲೆ ತೆಗೆದ ಚಿತ್ರಗಳಿಂದ ಮೊದಲಿನ ಚಿತ್ರವನ್ನು ಕಳೆಯುತ್ತಾರೆ. ಶೇಡಿ ಇದ್ದಲ್ಲೇ ಇರುತ್ತದೆ, ಹಾಗಾಗಿ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಉಳಿಯುವುದು ಸರಿದ ಉಪ್ಪು ಮಾತ್ರ. ಬೆಳಿಗ್ಗೆ ಬಿಟ್ಟದ್ದು ಸಂಜೆಗೆ ಮೂರು ಮೀಟರ್ ಆಚೆ ಕಂಡರೆ ಅಲ್ಲಿ ದಾರಿ ಸಲೀಸು. ವಾರವಾದರೂ ಕದಲದಿದ್ದರೆ ಅಲ್ಲಿ ಬಾವಿ ತೋಡಿ ಪ್ರಯೋಜನವಿಲ್ಲ. ಈ ವೇಗದ ಜೊತೆ ನೀರಿನ ಮಟ್ಟದ ಇಳಿಜಾರೂ ಗೊತ್ತಾದರೆ, ಆ ಪದರ ಎಷ್ಟು ಸುಲಭವಾಗಿ ನೀರು ಬಿಡುತ್ತದೆ ಎಂದು ಸುಮಾರಾಗಿ ಲೆಕ್ಕ ಹಾಕಬಹುದು.

ಅಳಿವೆ ಹತ್ತಿರ ಉಪ್ಪು ಸುರಿಯುವ ಕೆಲಸವನ್ನು ಸಮುದ್ರವೇ ಮಾಡುತ್ತದೆ. ಮೇ ಕೊನೆಗೊಂದು ಚಿತ್ರ, ಮಳೆ ಹಿಡಿದ ಮೇಲೆ ವಾರಕ್ಕೊಂದು. ರೋಧ ಯಾವ ಬದಿಯಿಂದ ಮೊದಲು ಏರತೊಡಗುತ್ತದೋ, ಸಿಹಿನೀರು ಆ ಬದಿಯಿಂದ ಉಪ್ಪನ್ನು ತಳ್ಳಿಕೊಂಡು ಬರುತ್ತಿದೆ. ಬೇಲಿಯಾಚೆಯ ಬಾವಿ ಬಹುಶಃ ಅದೇ ದಾರಿಯಲ್ಲಿದೆ.